ಬಲಗೈಗೆ ಕಟ್ಟಿದ ವಾಚು

ವಾಚು ಮತ್ತೆ ನಿಂತಿತ್ತು.

ಶಾಲೆಯಿಂದ ಬಂದ ಸಂಗವ್ವ ಚಪ್ಪಲಿ ಬಿಟ್ಟವಳೇ ಮಂಚದ ಬಳಿ ಹೋಗಿ ಗಂಡನ ಬಲಗೈ ಎತ್ತಿ ನೋಡಿದಳು. ಸೆಕೆಂಡಿನ ಮುಳ್ಳು ಅಲುಗುತ್ತಿರಲಿಲ್ಲ. ಅವರನ್ನು ನೋಡಿಕೊಳ್ಳಲು ಬರುವ ಅಮ್ರೀನ್ ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದಳು. ಅವಳನ್ನು ಕರೆದಳು.

"ಖರೇ ಹೇಳು. ಇವರ ಕೈ ಆಡಿಸಿಲ್ಲ ಹೌದಲ್ಲೋ ನೀ?"

"ಆಡ್ಸಿದೀನಿ ಅಮ್ಮ. ಈಗ್ ತಾನೆ ಒಂದ್ ಸಲ ಮಾಡ್ಸಿ ಟೀಗೆ ಹೋದೆ. ಅಪ್ಪಾಜಿನೇ ಕೇಳಿ."

ಲಕ್ವ ಹೊಡೆದ ಮೇಲೆ ಕಾಡಪ್ಪನವರಿಗೆ ಮಾತಿಲ್ಲ. ಹೌದು, ಅಲ್ಲ ಅನ್ನುವುದಕ್ಕೆ ತಲೆ ಆಡಿಸುತ್ತಾರೆ. ಈಗ ತಲೆಯನ್ನೂ ಆಡಿಸಲಿಲ್ಲ. ಗೋಡೆ ಕಡೆ ಮುಖ ತಿರುಗಿಸಿದರು. ಪಾಪ, ಹುಡುಗಿಯನ್ನು ಬಿಟ್ಟುಕೊಡಲು ಮನಸ್ಸಿಲ್ಲ ಎಂದುಕೊಂಡಳು ಸಂಗವ್ವ.

ಬಲಗೈಯನ್ನು ಆಗಾಗ ಎತ್ತಿ ಇಳಿಸಿ, ಮಡಿಸಿ ಚಾಚುತ್ತಿದ್ದರೆ ಮತ್ತೆ ಸ್ವಾಧೀನಕ್ಕೆ ಬರಬಹುದು, ಇಲ್ಲವಾದರೆ ಹಾಗೇ ಸೆಟೆದು ಹೋಗುತ್ತದೆ ಎಂದಿದ್ದರು ಡಾಕ್ಟರು. ಸಂಗವ್ವ ಯಲಹಂಕದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಜೂನಿನಿಂದ ಹೆಡ್‌ಮಿಸ್ ಆಗುವವಳು. ಇಪ್ಪತ್ತು ವರ್ಷ ಕಾದಿದ್ದ ಕುರ್ಚಿ ಅದು. ಹಗಲೆಲ್ಲ ಅಮ್ರೀನಳನ್ನೇ ನೆಚ್ಚಿಕೊಳ್ಳಬೇಕು. ಬಾಯಿಮಾತಿಗಿಂತ ಪುರಾವೆ ದೊಡ್ಡದೆಂದು ಮಕ್ಕಳಿಗೆ ಕಲಿಸುವವಳು ಮನೆಯಲ್ಲೂ ಒಂದು ಪುರಾವೆ ಹುಡುಕಿಕೊಂಡಳು.

ಅದು ಗಂಡನದೇ ಹಳೆಯ ಆಟೋಮ್ಯಾಟಿಕ್ ವಾಚು. ಸೆಲ್ ಬೇಕಿಲ್ಲ, ಕೀ ಕೊಡಬೇಕಿಲ್ಲ. ಕಟ್ಟಿದ ಕೈ ಆಡಿದರೆ ಒಳಗಿನ ತೂಕವೊಂದು ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಆಡದಿದ್ದರೆ ಒಂದೂವರೆ ದಿನಕ್ಕೆ ನಿಲ್ಲುತ್ತದೆ. ಗಂಡನ ಬಲ ಮಣಿಕಟ್ಟಿಗೆ ಅದನ್ನು ಕಟ್ಟುವಾಗ ಸಂಗವ್ವ ಕಾರಣವನ್ನೂ ಅವರ ಕಿವಿಯಲ್ಲಿ ಹೇಳಿದ್ದಳು.

ಕಾಡಪ್ಪ ವಾಚು ಕಾರ್ಖಾನೆಯಲ್ಲಿ ದುಡಿದವರು. ಮೊದಲೆಲ್ಲ ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ಮುಂಚೆ ವಾಚಿನ ಕೀ ಹೊರಗೆಳೆದು, ಮುಳ್ಳು ನಿಲ್ಲಿಸಿಕೊಂಡು, ಕೊನೆಯ ಪೀಂ ಸದ್ದಿಗೆ ಸರಿಯಾಗಿ ಒತ್ತುತ್ತಿದ್ದರು. ಆ ಹೊತ್ತಿಗೆ ಸಂಗವ್ವ ಡಬ್ಬಿ ಹಿಡಿದು ಬಸ್ಸಿಗೆ ಓಡುತ್ತಿದ್ದಳು. ಜೊತೆಗೆ ಕುಂತು ಒಂದು ಕಪ್ ಚಾ ಕುಡಿಯಲೂ ನಿನಗೆ ಪುರಸೊತ್ತಿಲ್ಲ ಎಂಬುದು ಅವರ ಹಳೆಯ ದೂರು.

ಹುಡುಗಿಗೆ ಅನ್ಯಾಯವಾಗಬಾರದೆಂದು ಸಂಗವ್ವ ಮೊದಲು ವಾಚನ್ನೇ ಅನುಮಾನಿಸಿದಳು. ಕೀ ತಿರುಗಿಸಿ, ಸಮಯ ಸರಿಮಾಡಿ, ಒತ್ತಿದಳು. ಓಡತೊಡಗಿತು. ಬ್ಯಾಗಿಗೆ ಹಾಕಿಕೊಂಡು ಆರ್.ಟಿ. ನಗರದ ದಸ್ತಗೀರ್ ಸಾಹೇಬರ ಅಂಗಡಿಗೆ ಹೋದಳು. ಅವರು ಹಿಂಬದಿ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು.

"ಸ್ಪ್ರಿಂಗ್ ಫುಲ್ ಐತಲ್ಲಮ್ಮ. ಇದ್ಯಾಕೆ ನಿಲ್ತು?"

ಬಸ್ಸಿನಲ್ಲಿ ಕುಲುಕಿ ಸುತ್ತಿಕೊಂಡಿರಬೇಕು ಎಂದಳು ಸಂಗವ್ವ.

"ಇರ್ಬೋದು. ಹೆಬ್ಬಾಳದ ಗುಂಡೀಲಿ ಮನುಷ್ಯರೇ ಸುತ್ಕೊಂಡು ಹೋಗ್ತಾರೆ, ಸ್ಪ್ರಿಂಗ್ ಯಾವ ಲೆಕ್ಕ."

ಆದರೂ ಅವರು ವಾಚನ್ನು ಪೂರ್ತಿ ಬಿಚ್ಚಿ ತೊಳೆದು, ಎಣ್ಣೆ ಮುಟ್ಟಿಸಿ, ತಮ್ಮ ಕೈಗೇ ಕಟ್ಟಿಕೊಂಡು ಒಂದು ವಾರ ಪರೀಕ್ಷೆ ಮಾಡಿದರು. ಒಮ್ಮೆಯೂ ನಿಲ್ಲಲಿಲ್ಲ. ಕೊಡುವಾಗ, ರೋಗಿಯ ಕೈಗೆ ಒತ್ತದಿರಲೆಂದು ಬೆಲ್ಟಿನಲ್ಲಿ ಇನ್ನೊಂದು ತೂತು ಹಾಕಿಕೊಟ್ಟರು. ಅದನ್ನು ಯಾರೂ ಕೇಳಿರಲಿಲ್ಲ.

ಮನೆಗೆ ಬಂದ ವಾಚು ಎರಡು ದಿನ ಓಡಿತು. ಮೂರನೆಯ ಸಂಜೆ ನಿಂತಿತು. ಮುಂದಿನ ವಾರವೂ ಅದೇ ಕಥೆ. ಭಾನುವಾರ ಮಾತ್ರ ಎಂದೂ ನಿಲ್ಲಲಿಲ್ಲ. ಭಾನುವಾರ ಅಮ್ರೀನ್ ಬರುವುದಿಲ್ಲ. ಕೈ ಆಡಿಸುವವಳು ಸಂಗವ್ವ. ಇನ್ನೇನು ಪುರಾವೆ ಬೇಕು?

ನಾಳೆಯಿಂದ ಬರಬೇಡವೆಂದಾಗ ಅಮ್ರೀನ್ ಒಲೆ ಹಚ್ಚಿದಳು. ಎಣ್ಣೆ ಬಿಸಿ ಮಾಡಿ ತಂದು, ಕಾಡಪ್ಪನವರ ಬಲಗೈ ಬೆರಳುಗಳನ್ನು ಒಂದೊಂದಾಗಿ ನೀವಿದಳು. ಅವರು ಅವಳ ಮುಖ ನೋಡಲಿಲ್ಲ.

"ಹೆಬ್ಬೆರಳಲ್ಲಿ ಸ್ವಲ್ಪ ಜೀವ ಬರ್ತಾ ಐತೆ ಅಮ್ಮ. ಬಿಡ್ಬೇಡಿ" ಎಂದು ಬುರ್ಖಾ ಹಾಕಿಕೊಂಡು ಹೊರಟಳು.

ಎಂಥ ಧೈರ್ಯ ಎನಿಸಿತು ಸಂಗವ್ವನಿಗೆ.

ಅವಳು ಸಂಬಳವಿಲ್ಲದ ರಜೆ ಹಾಕಿದಳು. ಜೂನ್ ಬಂತು, ಹೆಡ್‌ಮಿಸ್ ಕುರ್ಚಿಯಲ್ಲಿ ಅವಳಿಗಿಂತ ಚಿಕ್ಕವಳೊಬ್ಬಳು ಕೂತಳು. ಸುದ್ದಿ ಕೇಳಿದ ದಿನ ಸಂಗವ್ವ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು, ಮುಖ ತೊಳೆದುಕೊಂಡು ಬಂದು ಗಂಡನ ಕೈ ಆಡಿಸಿದಳು. ವಾಚು ಮಾತ್ರ ನಿಲ್ಲದೆ ಓಡಿತು. ಕಾಡಪ್ಪ ಚೇತರಿಸಿಕೊಂಡಂತೆ ಕಾಣುತ್ತಿದ್ದರು. ಬೆಳಿಗ್ಗೆ ಅವಳ ಪಕ್ಕದಲ್ಲೇ ಎಡಗೈಯಿಂದ ಚಾದಲ್ಲಿ ಬನ್ನು ಅದ್ದಿ ತಿನ್ನುತ್ತಿದ್ದರು.

ರಜೆ ಮುಗಿಯಿತು. ರಾಜಾನುಕುಂಟೆಯ ಹೆಂಗಸೊಬ್ಬಳು ಕೆಲಸಕ್ಕೆ ಸಿಕ್ಕಳು. ಸಂಗವ್ವ ಗುರುವಾರ ಮತ್ತೆ ಶಾಲೆಗೆ ಹೋದಳು, ತನ್ನ ಹಳೆಯ ಕುರ್ಚಿಗೇ. ಗುರುವಾರ, ಶುಕ್ರವಾರ ವಾಚು ಓಡುತ್ತಲೇ ಇತ್ತು.

ಶನಿವಾರ ಬೆಳಗಿನ ಶಾಲೆ. ಜೊತೆಯ ಟೀಚರೊಬ್ಬಳು ಸ್ಕೂಟರಿನಲ್ಲಿ ಬಿಟ್ಟಿದ್ದರಿಂದ ಬಸ್ಸಿಗಿಂತ ಬೇಗ ಮನೆ ತಲುಪಿದಳು. ಚಪ್ಪಲಿ ಬಿಡುತ್ತ ಕಿಟಕಿಯಿಂದ ಇಣುಕಿದಳು. ಹೊಸಬಳು ಬಲಗೈಯನ್ನು ಎತ್ತಿ ಇಳಿಸುತ್ತಿದ್ದಳು, ಅವಸರವಿಲ್ಲದೆ, ತೋರಿಸಿಕೊಟ್ಟ ಹಾಗೆಯೇ. ಮುಗಿಸಿ, ಹೊದಿಕೆ ಸರಿಮಾಡಿ, ಟೀ ಇಡಲು ಒಳಗೆ ಹೋದಳು. ಸಂಗವ್ವನ ಎದೆ ಹಗುರವಾಯಿತು.

ಒಳಗೆ ಲೋಟದ ಸದ್ದಾಯಿತು. ಕಾಡಪ್ಪ ಆ ಕಡೆ ಒಮ್ಮೆ ಕಿವಿಗೊಟ್ಟರು. ಆಮೇಲೆ ಎಡಗೈಯಿಂದ ವಾಚಿನ ಕೀಯನ್ನು ಮೆಲ್ಲಗೆ ಹೊರಗೆಳೆದು, ಮುಳ್ಳು ನಿಂತದ್ದನ್ನು ಖಾತ್ರಿ ಮಾಡಿಕೊಂಡು, ಗೋಡೆ ಕಡೆ ಮುಖ ತಿರುಗಿಸಿ ಹೆಂಡತಿಯ ದಾರಿ ಕಾಯತೊಡಗಿದರು.