ಐದು ಬಂದ ಮನೆ

"ನಾಣ್ಯದ ಐದು ಬಂದಿದೆ ಮಾಸ್ಟ್ರೇ, ಕೂತ್ಕೊಂಡೇ ನೋಡಿ," ಎಂದರು ಕಾರ್ಡು ಹಂಚುವ ಸುಭದ್ರಮ್ಮ.

ಟೈಲರ್ ದೇವೀರಪ್ಪ ಕೂತ್ಕೊಂಡೇ ಕಾರ್ಡಿಗೆ ಕೈ ಚಾಚಿದ. ಬೆಳಿಗ್ಗೆ ಮನೆಗೆ ಬಂದ, ಭವಿಷ್ಯ ಹೇಳುವ ಚಿತ್ರದ ಟ್ಯಾರೋ ಕಾರ್ಡು ಸಂಜೆಯೊಳಗೆ ನಿಜವಾಗುವುದು ಆ ಊರಿನಲ್ಲಿ ಹೊತ್ತು ಮುಳುಗುವಷ್ಟೇ ಮಾಮೂಲು. ಕೋಲಿನ ಐದು ಬಂದ ದಿನ ಇಡೀ ಬೀದಿ ನಲ್ಲಿಗಾಗಿ ಕಿತ್ತಾಡಿತ್ತು. ಕತ್ತಿಯ ಐದು ಬಂದ ದಿನ ದೇವೀರಪ್ಪ ಭಾವಮೈದುನನ ಜೊತೆ ವಾದದಲ್ಲಿ ಗೆದ್ದು, ಊಟಕ್ಕೆ ಒಬ್ಬನೇ ಕೂತಿದ್ದ. ಉಳಿದ ಕಾರ್ಡುಗಳನ್ನು ಪೇಪರಿನಂತೆ ಎಸೆದು ಹೋಗುವ ಸುಭದ್ರಮ್ಮ, ಕಷ್ಟ ತರುವ ಐದು ಬಂದ ಮನೆಯ ಮುಂದೆ ಮಾತ್ರ ಸೈಕಲ್ಲಿಂದ ಇಳಿಯುತ್ತಿದ್ದರು. ಅದಕ್ಕೇ ಬೀದಿಗೆಲ್ಲ ಅವರೆಂದರೆ ಅಷ್ಟು ಗೌರವ.

ಕಾರ್ಡಿನಲ್ಲಿ ಹರಕು ಬಟ್ಟೆಯ ಇಬ್ಬರು ಹಿಮದಲ್ಲಿ ನಡೆಯುತ್ತಿದ್ದರು.

"ಅಂಗಡಿ ಮುಚ್ಚೋ ಕಾಲ ಬಂತು ಅನ್ನಿ. ಕಣ್ಣು ಮಂಜಾಗಿದೆ ಸುಭದ್ರಮ್ಮ. ಸೂಜಿಗೆ ದಾರ ಪೋಣಿಸೋಕಾಗ್ತಿಲ್ಲ. ಮನೇಲಿ ಹೇಳಿಲ್ಲ."

"ಗೊತ್ತು. ಹೋದ ತಿಂಗಳು ನನ್ನ ರವಿಕೆಗೆ ಒಂದು ತೋಳು ಉಲ್ಟಾ ಹೊಲಿದಿದ್ರಿ. ಬಿಚ್ಚಿ ನಾನೇ ಹೊಲ್ಕೊಂಡೆ."

"ಯಾರಿಗೂ ಹೇಳ್ಲಿಲ್ವಾ?"

"ನನಗೇನು ಬೇರೆ ಕೆಲಸ ಇಲ್ವಾ? ನೋಡಿ, ಎಲ್ಲರೂ ಈ ಇಬ್ಬರನ್ನೇ ನೋಡಿ ಅಳ್ತಾರೆ. ಇವರ ತಲೆ ಮೇಲೊಂದು ಕಿಟಕಿ ಇದೆ. ಒಳಗೆ ದೀಪ ಉರೀತಿದೆ, ಜನ ಇದಾರೆ. ಇವರು ಬಾಗಿಲು ತಟ್ಟಿಲ್ಲ, ಅಷ್ಟೇ."

"ನನಗೆ ಕಿಟಕಿ ಕಾಣಿಸ್ತಿಲ್ಲ."

"ಅದಕ್ಕೇ ಸೈಕಲ್ ಇಳಿದು ಬಂದು ಹೇಳ್ತಿರೋದು."

ಅವರು ಹೊರಟ ಮೇಲೆ ದೇವೀರಪ್ಪ ಸೂಜಿ, ದಾರ ಎರಡನ್ನೂ ಹಿಡಿದು ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ಚಾಚಿದ. ನೀಲಮ್ಮ ಒಲೆ ಸಣ್ಣ ಮಾಡಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನ ಕೈಯಿಂದ ದಾರ ತೆಗೆದುಕೊಂಡು ಅದರ ತುದಿಯನ್ನು ನಾಲಿಗೆಗೆ ಮುಟ್ಟಿಸಿದಳು.