ಪಕ್ಕದ ಬೆಡ್‌ನ ಜೋಕು

ಬೆಳಿಗ್ಗೆ ಎದ್ದ ಕೂಡಲೇ ಫೋನ್ ತುಂಬ ಜೋಕು, ಸಿನಿಮಾ ಸುದ್ದಿ ಕಳಿಸುವವರು ನಿಮ್ಮ ಬಳಗದಲ್ಲೂ ಒಬ್ಬರು ಇದ್ದೇ ಇರುತ್ತಾರೆ... ಅವರನ್ನು ಕಂಡರೆ ಮೈ ಉರಿಯುತ್ತಿದ್ದರೆ ಇದನ್ನೊಮ್ಮೆ ಓದಿ.

ತುಮಕೂರಿನಲ್ಲಿ ಪಂಚಾಕ್ಷರಯ್ಯ ಅಂತ ಒಬ್ಬರು ಹಾರ್ಡ್‌ವೇರ್ ಅಂಗಡಿ ಯಜಮಾನರು. ಸುಲಭಕ್ಕೆ ಯಾರನ್ನೂ ನಂಬುವ ಆಸಾಮಿಯಲ್ಲ.

ಗಿರಾಕಿ ನಗುನಗುತ್ತಾ ಮಾತಾಡಿಸಿದರೆ ಸಾಕು... ಇವನು ಸಾಲ ಕೇಳೋಕೇ ಬಂದಿದ್ದಾನೆ ಎಂದು ಮುಖ ಗಂಟು ಹಾಕಿಕೊಳ್ಳುತ್ತಿದ್ದರು.

ಅಂಥವರಿಗೆ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಕೈಗೆ ಸೂಜಿ ಚುಚ್ಚಿಸಿಕೊಂಡು ಮೆಷಿನ್ ಪಕ್ಕ ಗಂಟೆಗಟ್ಟಲೆ ಮಲಗಬೇಕು.

ಅದನ್ನಾದರೂ ಸಹಿಸಿಕೊಂಡಾರು... ಪಕ್ಕದ ಬೆಡ್‌ನ ಕಮಲಾಕ್ಷಮ್ಮನನ್ನು ಸಹಿಸುವುದು ಹೇಗೆ?

ಆಕೆಯೂ ಪೇಷೆಂಟೇ. ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ಮೊಬೈಲ್. ಅದರಲ್ಲಿ ಸಿಕ್ಕಿದ್ದನ್ನೆಲ್ಲ ವಾರ್ಡಿಗೇ ಹಂಚಬೇಕು.

"ಅಣ್ಣಾ, ಕೇಳಿದ್ರಾ? ಆ ಹೀರೋಯಿನ್‌ಗೆ ಮದ್ವೆಯಂತೆ... ಚಿನ್ನ ಇಳಿದಿದೆಯಂತೆ... ಯಾವ್ದೋ ಊರಲ್ಲಿ ಮೇಕೆ ಬಸ್ ಹತ್ತಿ ಸೀಟ್ ಬಿಟ್ಟೇ ಕೊಡ್ಲಿಲ್ವಂತೆ! ಏನಂತೀರಾ?"

ಈ 'ಏನಂತೀರಾ' ಇದೆಯಲ್ಲ, ಅದೇ ದೊಡ್ಡ ಕಾಟ. ಉತ್ತರ ಬರುವ ತನಕ ಬಿಡುವ ಹೆಂಗಸಲ್ಲ.

"ನಂಗೇನ್ರೀ ಆಗ್ಬೇಕು ಮೇಕೆ ಕಟ್ಕೊಂಡು?" ಎಂದು ಪಂಚಾಕ್ಷರಯ್ಯ ರೇಗಿದರೆ ಆಕೆಗೆ ಬೇಜಾರೇ ಇಲ್ಲ. ಖುಷಿಯಾಗಿ ನಕ್ಕು ಮುಂದಿನ ಬೆಡ್ಡಿಗೆ ಶುರು!

ಬೈಸಿಕೊಂಡು ಯಾರಾದರೂ ಖುಷಿಪಡುತ್ತಾರೆಯೇ? ಪಂಚಾಕ್ಷರಯ್ಯನವರ ತಲೆಯಲ್ಲಿ ಹುಳ ಹೊಕ್ಕಿತು.

"ಆಯಮ್ಮ ಚೀಟಿ ನಡೆಸೋಳೇ ಇರ್ಬೇಕು ಕಣೆ. ಮೊದ್ಲು ನಗಿಸ್ತಾರೆ, ಆಮೇಲೆ ದುಡ್ಡು ಹಾಕಿಸ್ಕೋತಾರೆ" ಎಂದರು ಹೆಂಡತಿಗೆ.

"ಪಾಪ, ಹೊತ್ತು ಹೋಗ್ಲಿ ಅಂತ ಮಾತಾಡ್ತಾರೆ ಬಿಡ್ರೀ."

"ನಿಂಗೆ ಪ್ರಪಂಚ ಗೊತ್ತಿಲ್ಲ. ಸುಮ್ನಿರು."

ಮರುವಾರ ತಾವೇ ಬಲೆ ಬೀಸಿದರು. "ಅಮ್ಮಾ, ಒಂಚೂರು ದುಡ್ಡಿದೆ. ಎಲ್ಲಿ ಹಾಕ್ಲಿ?"

"ಪೋಸ್ಟ್ ಆಫೀಸಲ್ಲಿ ಹಾಕಿ ಅಣ್ಣಾ. ಯಾರ್ ಮಾತೂ ಕೇಳ್ಬೇಡಿ" ಎಂದರು ಆಕೆ.

ಬೇರೆಯವರಾಗಿದ್ದರೆ ಅಲ್ಲಿಗೆ ಅನುಮಾನ ಬಿಡುತ್ತಿದ್ದರು. ಇವರು ಮಾತ್ರ 'ಅಬ್ಬಾ, ಬಲು ಕಿಲಾಡಿ ಹೆಂಗಸು, ಮೊದ್ಲು ನಂಬಿಕೆ ಹುಟ್ಟಿಸ್ತಿದಾಳೆ!' ಎಂದುಕೊಂಡರು.

ಆಮೇಲೆ ಇನ್ನೊಂದನ್ನು ಗಮನಿಸಿದರು. ಪ್ರತಿಯೊಬ್ಬರು ಉತ್ತರ ಕೊಟ್ಟಾಗಲೂ ಆಕೆ ದೂರದಲ್ಲಿದ್ದ ಪುಷ್ಪಾ ಸಿಸ್ಟರ್ ಕಡೆ ನೋಡಿ ತಲೆಯಾಡಿಸುತ್ತಿದ್ದರು. ಸಿಸ್ಟರೂ ತಲೆಯಾಡಿಸುತ್ತಿದ್ದರು.

ಓಹೋ... ಇಬ್ಬರೂ ಸೇರಿಯೇ ಚೀಟಿ ನಡೆಸುತ್ತಿದ್ದಾರೆ!

ಅಂದೇ ತೀರ್ಮಾನಿಸಿದರು. ಇನ್ನು ಈಯಮ್ಮನಿಗೆ ಉತ್ತರ ಕೊಡಬಾರದು. ಮನೆಯಿಂದ ತಂದಿದ್ದ ಬೆಡ್‌ಶೀಟನ್ನು ಮುಖದ ತನಕ ಎಳೆದುಕೊಂಡು ಕಣ್ಣು ಮುಚ್ಚಿದರು.

"ಅಣ್ಣಾ, ಒಂದು ಜೋಕ್ ಕೇಳಿ..." ಜೋಕು ಮುಗಿಯಿತು. ಇವರು ಗಪ್‌ಚುಪ್.

"ಅಣ್ಣಾ? ಏನಂತೀರಾ?" ದನಿ ಜೋರಾಯಿತು. ಇವರು ಒಳಗೊಳಗೇ ನಕ್ಕರು.

"ಅಣ್ಣಾ!... ಸಿಸ್ಟರ್! ಓಡಿ ಬನ್ನಿ! ಅಣ್ಣ ಮಾತಾಡ್ತಿಲ್ಲ!"

ಪುಷ್ಪಾ ಸಿಸ್ಟರ್ ಓಡಿ ಬಂದು ಹೊದಿಕೆ ಕಿತ್ತೆಸೆದರು. ಪಂಚಾಕ್ಷರಯ್ಯ ತಬ್ಬಿಬ್ಬಾಗಿ ಕಣ್ಣು ಬಿಟ್ಟರು. "ಏನೂ ಆಗಿಲ್ಲ ಕಣಮ್ಮ... ಇವ್ರ ಕಾಟ ತಡೀಲಾರ್ದೆ ನಿದ್ದೆ ಬಂದಂಗೆ ಮಾಡ್ದೆ."

ಪಕ್ಕಕ್ಕೆ ತಿರುಗಿ ನೋಡಿದರೆ... ಕಮಲಾಕ್ಷಮ್ಮ ಮೊಬೈಲ್ ಬದಿಗೆ ಹಾಕಿ ಇವರನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ಧಾರಾಕಾರ.

"ನೀವು ಮಲಗಿರೋ ಬೆಡ್‌ನಲ್ಲಿ ಮೊದ್ಲು ಗೌರಕ್ಕ ಇದ್ರು ಅಣ್ಣಾ" ಎಂದರು. "ಒಂದಿನ ನಾನು ಜೋಕ್ ಹೇಳ್ತಿದ್ರೂ ಮಾತಾಡ್ಲಿಲ್ಲ. ಪಾಪ, ನಿದ್ದೆ ಬಂದಿದೆ ಅಂತ ಮೊಬೈಲ್ ಸೌಂಡ್ ಕಡಿಮೆ ಮಾಡ್ದೆ... ಅವ್ರಿಗೆ ಬಿಪಿ ಪೂರ್ತಿ ಇಳಿದುಹೋಗಿತ್ತು. ಸಿಸ್ಟರ್ ಬಿಪಿ ನೋಡೋಕೆ ಬರೋ ಹೊತ್ತಿಗೆ..."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಪುಷ್ಪಾ ಸಿಸ್ಟರ್ ಮೆಲ್ಲಗೆ ಹೇಳಿದರು. "ನಾನೊಬ್ಳು ಎಷ್ಟು ಬೆಡ್ ನೋಡ್ಲಿ ಯಜಮಾನ್ರೇ? ಅದಕ್ಕೇ ಇವ್ರು ಎಲ್ರನ್ನೂ ಮಾತಾಡಿಸ್ತಾ ಇರ್ತಾರೆ. ನೀವು ಬೈದ್ರೂ ಸರಿ, ಎಚ್ಚರವಾಗಿದೀರಿ ಅಂತ ಗೊತ್ತಾಗುತ್ತಲ್ಲ."

ಪಂಚಾಕ್ಷರಯ್ಯನವರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇಷ್ಟು ದಿನ ತನ್ನ ಜೀವ ಕಾಯುತ್ತಿದ್ದವಳನ್ನು ತಾನು ಕಳ್ಳಿ ಎಂದುಕೊಂಡಿದ್ದೆನಲ್ಲ!

ಆಮೇಲೆ ಅವರು ಪ್ರತಿ ಜೋಕಿಗೂ ಉತ್ತರ ಕೊಡತೊಡಗಿದರು. ನಗು ಬರದಿದ್ದರೂ ನಕ್ಕರು.

ಒಂದು ದಿನ ಕಮಲಾಕ್ಷಮ್ಮ ಶುರು ಮಾಡಿದರು. "ಕೇಳಿ ಅಣ್ಣಾ... ಒಬ್ಬ ಕಳ್ಳ ಮನೆಗೆ ನುಗ್ಗಿ, ಫ್ರಿಜ್‌ನಲ್ಲಿದ್ದ ಮೊಸರನ್ನ ತಿಂದು ಸೋಫಾ ಮೇಲೇ ಮಲಗ್ಬಿಟ್ನಂತೆ. ಬೆಳಿಗ್ಗೆ ಮನೆಯವ್ರು ಬಂದು ನೋಡಿದ್ರೆ..."

ಅಲ್ಲಿಗೆ ನಿಂತಿತು.

"ನೋಡಿದ್ರೆ? ಆಮೇಲೆ?" ಎಂದರು ಪಂಚಾಕ್ಷರಯ್ಯ. ಉತ್ತರವಿಲ್ಲ.

"ಅಮ್ಮಾ? ಆಮೇಲೆ ಏನಾಯ್ತಮ್ಮಾ?"

ಆಕೆಯ ಮೊಬೈಲ್ ಕೈಜಾರಿ ಹಾಸಿಗೆ ಮೇಲೆ ಬಿತ್ತು.

"ಸಿಸ್ಟರ್!! ಬೇಗ ಬನ್ನಿ! ಅಮ್ಮ ಮಾತಾಡ್ತಿಲ್ಲ!" ಅಂಗಡಿಯಲ್ಲಿ ಆಳುಗಳನ್ನು ಕೂಗಿ ಕೂಗಿ ಪಳಗಿದ ಆ ದನಿಗೆ ಇಡೀ ವಾರ್ಡ್ ಬೆಚ್ಚಿಬಿತ್ತು.

ಸಿಸ್ಟರ್ ಓಡಿ ಬಂದು ಕಾಲನ್ನು ಎತ್ತರಿಸಿದರು, ಸಲೈನ್ ಬಿಟ್ಟರು. ಡಾಕ್ಟರೂ ಬಂದರು. ಪಂಚಾಕ್ಷರಯ್ಯ ಸೂಜಿಯಿದ್ದ ಕೈ ಅಲುಗಿಸುವಂತಿಲ್ಲ... ಇನ್ನೊಂದು ಕೈಯನ್ನು ಎದೆಗೊತ್ತಿಕೊಂಡು ಶಿವಾ ಶಿವಾ ಎನ್ನುತ್ತಿದ್ದರು.

ಸ್ವಲ್ಪ ಹೊತ್ತಿಗೆ ಕಮಲಾಕ್ಷಮ್ಮ ನಿಧಾನವಾಗಿ ಕಣ್ಣು ಬಿಟ್ಟರು. ಪಕ್ಕದ ಬೆಡ್ ಕಡೆ ತಿರುಗಿದರು.

"ಎಲ್ಲಿಗೆ ನಿಲ್ಲಿಸಿದ್ದೆ ಅಣ್ಣಾ?"

"ಮನೆಯವ್ರು... ಬಂದು ನೋಡಿದ್ರು" ಎಂದರು ಪಂಚಾಕ್ಷರಯ್ಯ.

"ಹೂಂ... ಕಳ್ಳ ಎದ್ದು, ಕಾಫಿ ಆಯ್ತಾ ಅಂದ್ನಂತೆ! ಏನಂತೀರಾ?"

ಅದೇನು ಅಂಥ ದೊಡ್ಡ ಜೋಕಲ್ಲ. ಆದರೂ ಯಜಮಾನರು ನಕ್ಕರು... ನಗುತ್ತಾ ನಗುತ್ತಾ ಮಗುವಿನಂತೆ ಅತ್ತುಬಿಟ್ಟರು.

ನಮ್ಮನ್ನು ಮಾತಿಗೆಳೆಯುವವರೆಲ್ಲ ಏನನ್ನೋ ಕೀಳಲು ಬಂದವರಲ್ಲ... ಕೆಲವರಿಗೆ ನಮ್ಮ ದನಿ ಕೇಳಿದರಷ್ಟೇ ಸಾಕು.

ನಿಮ್ಮ ಫೋನಿನಲ್ಲಿ ಮ್ಯೂಟ್ ಮಾಡಿಟ್ಟಿರುವ ಆ ಒಬ್ಬರಿಗೆ ಇವತ್ತು ಒಂದು ಉತ್ತರ ಕೊಡುತ್ತೀರಾ?