ಎತ್ತರದ ಮಾನಿಟರ್

ಮುದುಕನಿಗೆ ಮರೆವು ಅಂತ ಹಲ್ಲು ಕಿರೀಬೇಡ್ರೋ. ಕಂಪ್ಯೂಟರ್ ಅಂಗಡಿ ಮುಚ್ಚಿರಬಹುದು, ಗಿರಾಕಿಗಳ ಮುಖ ಒಂದೂ ಮರೆತಿಲ್ಲ. ಸುಮ್ಮನೆ ಕೇಳಿ.

ಪ್ರೋಗ್ರಾಮ್ ಬರೆಯೋ ಹುಡುಗಿಯೊಬ್ಬಳು ತನ್ನ ಮ್ಯಾನೇಜರ್ ಜೊತೆ ಬಂದಳು. "ದೊಡ್ಡದೇ ತಗೊಳಮ್ಮ, ಕಂಪನಿ ದುಡ್ಡು" ಅಂದವನೇ ಅವನು ಫೋನ್ ಹಿಡ್ಕೊಂಡು ಆಚೆ ಹೋದ.

ಅಗಲವಾದ ಮಾನಿಟರ್ ಒಂದನ್ನ ತೋರಿಸಿದೆ. "ಎರಡು ಫೈಲ್ ಪಕ್ಕಪಕ್ಕ ತೆಗೀಬಹುದು ನೋಡಮ್ಮ, ಅಕ್ಷರ ಮುತ್ತಿನ ಹಾಗೆ ಕಾಣುತ್ತೆ."

"ಇದಕ್ಕಿಂತ ಎತ್ತರದ್ದು ಇಲ್ವಾ ಅಂಕಲ್?"

ಎತ್ತರದ್ದು ತಂದಿಟ್ಟೆ. ಅವಳು 'ಆನ್ ಮಾಡಿ' ಅಂತ ಅನ್ನಲೇ ಇಲ್ಲ. ಅದರ ಮುಂದೆ ಕೂತು, "ನೀವು ಆ ಕಡೆ, ನನ್ನ ಎದುರಿಗೆ ಕೂತ್ಕೊಳ್ಳಿ" ಅಂದಳು. ಕೂತೆ.

"ನಿಮ್ಮ ಕಣ್ಣು ನನಗೆ ಇನ್ನೂ ಕಾಣ್ತಿದೆ. ಸ್ಟ್ಯಾಂಡ್ ಮೇಲಕ್ಕೆ ಹೋಗುತ್ತಾ?"

"ಕತ್ತು ನೋಯುತ್ತೆ ತಾಯಿ! ನೀನು ಪ್ರೋಗ್ರಾಮ್ ಬರೀತೀಯೋ, ಗೋಡೆ ಕಟ್ತೀಯೋ?"

ಅವಳು ನಗಲಿಲ್ಲ.

"ಎದುರು ಕೂರೋನು ದಿನವಿಡೀ ನನ್ನನ್ನೇ ದುರುಗುಟ್ಟಿ ನೋಡ್ತಾನೆ ಅಂಕಲ್. ಅವನ ಜಾಗ ಬದಲಿಸಿ ಅಂತ ದೂರು ಕೊಟ್ಟೆ. ನಮ್ಮ ಸಾರ್, 'ಅವನು ಒಳ್ಳೆ ಕೆಲಸಗಾರ, ಬೇಕಾದ್ರೆ ನಿಂಗೊಂದು ದೊಡ್ಡ ಮಾನಿಟರ್ ಕೊಡಿಸ್ತೀನಿ' ಅಂದ್ರು."

ಇದನ್ನ ನಿಮ್ಮ ಆಫೀಸಿನ ಗ್ರೂಪಿಗೆ ಕಳಿಸ್ರಪ್ಪಾ, ಮ್ಯಾನೇಜರ್ ಇರೋ ಗ್ರೂಪಿಗೇ.